ಬಾಗಿಲು ನಡುಮನೆಗೆ ಬಂದ ಕಥೆ

ಮಗನ ಸಂಸಾರವನ್ನು ಕಣ್ಣಾರೆ ಕಂಡು ಬರಬೇಕೆಂದು ಅಮೆರಿಕಕ್ಕೆ ಹೋದ ಮೈಸೂರಿನ ನಿವೃತ್ತ ಉಪಾಧ್ಯಾಯರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವರು. ನಿಘಂಟನ್ನು ಪಾರಾಯಣಗ್ರಂಥದಂತೆ ಓದಿದವರು. ಹೋದ ಮೊದಲ ಭಾನುವಾರವೇ ಮಗ ಸೊಸೆ ಇಬ್ಬರೂ ಸೇರಿ ಅವರನ್ನೂ ಅವರ ಪತ್ನಿಯನ್ನೂ ಹೋಟೆಲಿಗೆ ಕರೆದೊಯ್ಯುತ್ತಾರೆ. ಉದ್ದನೆಯ ಪಟ್ಟಿಯೊಂದು ಕೈಗೆ ಬರುತ್ತದೆ. ಅದರ ನಟ್ಟನಡುವೆ, ದಪ್ಪ ಅಕ್ಷರಗಳಲ್ಲಿ, ‘ಆನ್‌ಟ್ರೇ’ ಎಂಬ ತಲೆಬರಹ. ಮೇಷ್ಟರಿಗೆ ಪರದೇಶದಲ್ಲಿ ಹಳೆಯ ಗೆಳೆಯನೊಬ್ಬ ಎದುರಾದಂತಾಗುತ್ತದೆ. ಅದು ಫ್ರೆಂಚ್ ಶಬ್ದ. ‘ಪ್ರವೇಶ’ ಎಂದು ಅದರ ಅರ್ಥ. ಮೀನಿಗೂ ಸುಟ್ಟ ಮಾಂಸದ ದೊಡ್ಡ ತುಂಡಿಗೂ ನಡುವೆ ಬಡಿಸುವ ಭಕ್ಷ್ಯಕ್ಕೆ ಆ ಹೆಸರು ಎಂದು ಅವರ ನಿಘಂಟು ಹೇಳಿತ್ತು. ಮೀನನ್ನಾಗಲಿ ಮಾಂಸವನ್ನಾಗಲಿ ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಅವೆರಡರ ನಡುವೆ ಏನು ಬರುತ್ತದೆಂಬುದು ಮಾತ್ರ ಬಾಯಿಪಾಠವಾಗಿತ್ತು! ನಡುವೆ ಬರುವ ಪದಾರ್ಥ ಎಷ್ಟು ತಾನೆ ಇದ್ದೀತು ಎಂದು ಧೈರ್ಯದಿಂದ ಎರಡು ಬಗೆಯನ್ನು ತರಹೇಳುತ್ತಾರೆ. ಬಂದವು ಎರಡು ಹರಿವಾಣದಗಲದ ತಟ್ಟೆಗಳು: ಒಂದರಲ್ಲಿ ಚೀಸಿನಡಿ ಮುಳುಗಿದ ಬದನೆಕಾಯಿಯ ರಾಶಿ, ಇನ್ನೊಂದರಲ್ಲಿ ನಾಲ್ವರಿಗೆ ಸಾಲುವಷ್ಟು ಶ್ಯಾವಿಗೆ.

“ಅಪ್ಪ, ಇಲ್ಲಿ ಆನ್‌ಟ್ರೇ ಎಂದರೆ ಊಟವೇ. ನೀವು ಎರಡು ಊಟ ಹೇಳಿಬಿಟ್ಟಿರಿ” ಎಂದು ಮಗ ನಗುತ್ತಾನೆ. ಸೊಸೆ ನಗುವುದಿಲ್ಲ, ಆದರೆ ತುಟಿ ಬಿಗಿಹಿಡಿದಿರುವುದು ಕಾಣುತ್ತದೆ. ಮೇಷ್ಟರಿಗೆ ಆಗುವ ಸಂಕಟ ವ್ಯರ್ಥವಾದ ಅನ್ನದ್ದಷ್ಟೇ ಅಲ್ಲ. “ಪ್ರವೇಶ ಎಂಬ ಮಾತು ಊಟದ ನಡುಭಾಗಕ್ಕೆ ಹೇಗಪ್ಪಾ ಹೆಸರಾದೀತು? ಈ ದೇಶದವರಿಗೆ ಫ್ರೆಂಚ್ ಬಾರದು, ಅಷ್ಟೆ” ಎಂದು ಅವರು ತೀರ್ಪು ಕೊಡುತ್ತಾರೆ. ತಪ್ಪು ತಮ್ಮದಲ್ಲ, ಒಂದು ಖಂಡದ್ದು!

ಇಂಥ ತೀರ್ಪನ್ನು ಕೊಟ್ಟವರು ಈ ಕಲ್ಪಿತ ಮೇಷ್ಟರೊಬ್ಬರೇ ಅಲ್ಲ. ಇಂಗ್ಲೆಂಡಿನವರೂ ಆಸ್ಟ್ರೇಲಿಯದವರೂ ಫ್ರೆಂಚರೂ ಈ ಮಾತಿನ ವಿಷಯದಲ್ಲಿ ಅಮೆರಿಕದವರನ್ನು ಹಾಸ್ಯಮಾಡುತ್ತ ಬಂದಿದ್ದಾರೆ. ಬಾಗಿಲನ್ನು ಕಿತ್ತು ನಡುಮನೆಯಲ್ಲಿ ನಿಲ್ಲಿಸಿದವರು ಎಂಬುದು ಆಪಾದನೆಯ ಸಾರಾಂಶ. ಮೊಕದ್ದಮೆಯ ಕಾಗದಪತ್ರಗಳನ್ನು ಬಿಚ್ಚಿ ನೋಡಿದರೆ ಮಾತ್ರ ಸಂಗತಿ ಬೇರೆಯಾಗಿ ಕಾಣುತ್ತದೆ.

ಮೊದಲು ವ್ಯುತ್ಪತ್ತಿ. ಫ್ರೆಂಚರ ಬಾಯಲ್ಲಿ ಇದು ‘ಆಂತ್ರೆ’. ಒಳಹೋಗು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ್ದು. ಅದರ ಮೂಲ ಲ್ಯಾಟಿನ್. ಒಳಗೆ, ನಡುವೆ ಎಂಬರ್ಥದ ಲ್ಯಾಟಿನ್ನಿನ ‘ಇಂತ್ರ’, ‘ಇಂತೆರ್’ ಎಂಬ ಮಾತುಗಳು ಸಂಸ್ಕೃತದ ‘ಅಂತರ್’ ಎಂಬುದಕ್ಕೆ ಜ್ಞಾತಿಗಳು. ಆದ್ದರಿಂದ ‘ಅಂತರಂಗ’, ‘ಅಂತಃಪುರ’ ಎನ್ನುವ ಕನ್ನಡಿಗರಿಗೆ ಇದು ತೀರ ಅಪರಿಚಿತರ ಮನೆಯ ಮಾತಲ್ಲ. ಪ್ಯಾರಿಸಿನಲ್ಲಿ ಕಟ್ಟಡದ ಬಾಗಿಲ ಮೇಲೆ ಈ ಪದವೇ ಇರುತ್ತದೆ. ರಾಜನರ್ತನಗಳಲ್ಲಿ ನರ್ತಕರ ತಂಡವೊಂದು ರಂಗಕ್ಕೆ ಬರುವುದಕ್ಕೂ ಇದೇ ಹೆಸರಿತ್ತು. ದೊಡ್ಡವರ ಮನೆಗೆ, ಆಸ್ಥಾನಕ್ಕೆ ಯಾವಾಗ ಬೇಕಾದರೂ ಹೋಗಿಬರುವ ಸಲಿಗೆಯುಳ್ಳವನಿಗೆ ಅಲ್ಲಿ ‘ಆಂತ್ರೆ’ ಇದೆ ಎಂದು ಇಂಗ್ಲಿಷಿನವರೂ ಹೇಳುವುದುಂಟು. ಈ ಎಲ್ಲ ಬಳಕೆಗಳಲ್ಲಿಯೂ ಹೊಸಲು ದಾಟುವ ಭಾವವೊಂದು ಸ್ಪಷ್ಟವಾಗಿದೆ.

ಅಡುಗೆಯ ಸಾಹಿತ್ಯದಲ್ಲಿಯೂ ಆರಂಭ ಹಾಗೆಯೇ. 1555ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಅಚ್ಚಾದ ಪಾಕಗ್ರಂಥವೊಂದರ ಔತಣಪಟ್ಟಿಗಳಲ್ಲಿ ಮೊದಲ ಸರದಿಗೆ ‘ಮೇಜಿನ ಪ್ರವೇಶ’ ಎಂದೂ ಕಡೆಯ ಸರದಿಗೆ ‘ಮೇಜಿನ ನಿರ್ಗಮನ’ ಎಂದೂ ಹೆಸರು. ಎಷ್ಟು ಅಚ್ಚುಕಟ್ಟಾದ ಜೋಡಿ! ಇವುಗಳಲ್ಲಿ ‘ನಿರ್ಗಮನ’ ಕಾಲಕ್ರಮದಲ್ಲಿ ನಿಜವಾಗಿಯೇ ನಿರ್ಗಮಿಸಿತು. ‘ಪ್ರವೇಶ’ ಉಳಿಯಿತು. ಜೋಡಿ ಮುರಿದ ಎತ್ತಿನಂತೆ ಅದು ದಾರಿಬಿಟ್ಟು ನಡೆಯತೊಡಗಿದ್ದೂ ಆಗಿನಿಂದಲೇ.

1651ರಲ್ಲಿ ಲಾ ವಾರೆನ್ ಎಂಬ ಪ್ರಸಿದ್ಧ ಬಾಣಸಿಗ ಹೊರತಂದ ‘ಲ ಕ್ವಿಸಿನಿಯೇ ಫ್ರಾಂಸ್ವಾ’ ಎಂಬ ಗ್ರಂಥದ ಹೊತ್ತಿಗೆ ಅರ್ಥ ಜರುಗಿರುವುದು ಕಂಡುಬರುತ್ತದೆ. ಊಟದಲ್ಲಿ ಮೊದಲು ಬರುವುದು ಸೂಪು. ಅದರ ಬಳಿಕ ಆಂತ್ರೆಗಳು. ಅವೂ ಕ್ಷುಲ್ಲಕ ಪದಾರ್ಥಗಳಲ್ಲ. ಮಾಂಸ ತಿನ್ನಬಹುದಾದ ದಿನಗಳಲ್ಲಿ ಅವು ಮಾಂಸದ ಬಿಸಿ ಅಡುಗೆಗಳು; ಕೊಚ್ಚಿದ್ದು, ಬೇಯಿಸಿದ್ದು, ಗೊಜ್ಜಿನಂಥ ರಸದಲ್ಲಿ ಅದ್ದಿದ್ದು. ಕ್ರೈಸ್ತರ ವ್ರತದ ದಿನಗಳಿಗೆ ಮೀನು ಮೊದಲಾದುವುಗಳಿಂದ ಮಾಡಿದ ಬೇರೆಯ ಆಂತ್ರೆಗಳು. ದಂಡಯಾತ್ರೆಯ ಪಾಳೆಯದಲ್ಲಿ ಮಾಡಿಕೊಳ್ಳಬಹುದಾದ ಆಂತ್ರೆಗಳನ್ನೂ ಆತ ಹೇಳಿದ್ದಾನೆ. (ಮಾಂಸದ ಹೆಸರು ಮೇಲಿಂದ ಮೇಲೆ ಬರುವುದಕ್ಕೆ ಸಸ್ಯಾಹಾರಿ ವಾಚಕರು ಮುಖ ಸಿಂಡರಿಸಬಾರದು, ಈ ಪದದ ಚರಿತ್ರೆಯಿಂದ ಮಾಂಸವನ್ನು ತೆಗೆದರೆ ಉಳಿಯುವುದು ಬರಿಯ ತಟ್ಟೆ.)

ಆ ಕಾಲದ ಫ್ರೆಂಚ್ ಔತಣದ ಪದ್ಧತಿಯನ್ನು ಅರಿಯಲು ಕನ್ನಡಿಗರಿಗೆ ಬಾಳೆಎಲೆ ಒಂದು ಒಳ್ಳೆಯ ನಿದರ್ಶನ. ಎಲೆಯ ಮೇಲೆ ಉಪ್ಪಿಗೊಂದು ಮೂಲೆ, ಕೋಸಂಬರಿಗೊಂದು ಎಡೆ, ಪಲ್ಯಕ್ಕೊಂದು ಎಡೆ. ಕಣ್ಣಿಗೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಫ್ರೆಂಚರ ಮೇಜೂ ಹಾಗೆಯೇ. ಮೊದಲ ಸರದಿಯ ಪಾತ್ರೆಗಳೆಲ್ಲ ರಂಗವಲ್ಲಿಯ ಚುಕ್ಕಿಗಳಂತೆ ಎಡಬಲ ಸಮನಾಗಿ ಏಕಕಾಲದಲ್ಲಿ ಬಂದು ಕೂಡುತ್ತಿದ್ದುವು. ಸೂಪಿನ ದೊಡ್ಡ ಬೋಗುಣಿ ಇದ್ದರೆ, ಅದರ ಸುತ್ತ ಆಂತ್ರೆಗಳು. ಸೂಪು ಮುಗಿದ ಮೇಲೆ ಬೋಗುಣಿಯನ್ನೆತ್ತಿ ಅದೇ ಸ್ಥಳದಲ್ಲಿ ಮತ್ತೊಂದು ದೊಡ್ಡ ಪಾತ್ರೆಯನ್ನಿಡುವರು. ‘ಎತ್ತಿದ ಜಾಗದ್ದು’ ಎಂಬ ಅರ್ಥ ಬರುವಂತೆ ಅದಕ್ಕೆ ‘ರೆಲವೆ’ ಎಂದು ಹೆಸರು. ಆಂತ್ರೆಗಳು ಮಾತ್ರ ಕದಲದೆ ಕುಳಿತಿರುತ್ತಿದ್ದುವು. ಎಲ್ಲವನ್ನೂ ತೆಗೆದ ಬಳಿಕ ಎರಡನೆಯ ಸರದಿಗೆ ಸುಟ್ಟ ಮಾಂಸ ರಾಜಗಾಂಭೀರ್ಯದಿಂದ ಆಗಮಿಸುತ್ತಿತ್ತು. ಅಂದರೆ ಸೂಪು ಮೊದಲು ಬಂದರೂ ಆಂತ್ರೆಗಳು ಪ್ರಥಮ ಸರದಿಯ ಪರಿವಾರದವೇ. ‘ಪ್ರವೇಶ’ ಎಂಬ ಹೆಸರಿಗೆ ಇನ್ನೂ ಸ್ವಲ್ಪ ಆಧಾರ ಉಳಿದಿತ್ತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಫ್ರೆಂಚ್ ಔತಣದ ಹೆಸರುಗಳು ಬಹುಮಟ್ಟಿಗೆ ಪದಾರ್ಥದ ಹೆಸರುಗಳಲ್ಲ, ಸ್ಥಾನದ ಹೆಸರುಗಳು. ಊಟಕ್ಕೆ ಮುನ್ನ ಬಾಯಾಡಿಸುವ ‘ಓರ್ ದವ್ರ್’ ಎಂದರೆ ‘ಕೃತಿಯ ಹೊರಗಿನದು’. ವಾಸ್ತುಶಿಲ್ಪದಲ್ಲಿ ಮುಖ್ಯ ಕಟ್ಟಡದಿಂದ ಹೊರಚಾಚಿದ ಭಾಗಕ್ಕೆ ಹೇಳುತ್ತಿದ್ದ ಮಾತು. ‘ಆಂತ್ರೆಮೆ’ ಎಂದರೆ ‘ಭಕ್ಷ್ಯಗಳ ನಡುವಿನದು’. ‘ಡೆಸರ್ಟ್’ ಎಂದು ಇಂದು ಬೆಂಗಳೂರಿನ ಮಕ್ಕಳೂ ಬಲ್ಲ ಸಿಹಿಯ ಹೆಸರಿಗೆ ಮೂಲಾರ್ಥ ‘ಮೇಜನ್ನು ತೆರವು ಮಾಡಿದ ಬಳಿಕದ್ದು’. ಅದರಲ್ಲಿ ಸಿಹಿಯ ಸೋಂಕೇ ಇಲ್ಲ. ಕನ್ನಡದಲ್ಲಿ ಹುಳಿ ಎಂದರೆ ರುಚಿ, ಮಜ್ಜಿಗೆ ಎಂದರೆ ವಸ್ತು. ಅವನ್ನು ಊಟದ ಯಾವ ಹಂತದಲ್ಲಿ ಬಡಿಸಿದರೂ ಹುಳಿ ಹುಳಿಯೇ. ಸ್ಥಾನದ ಹೆಸರಿನ ಪಾಡು ಹಾಗಲ್ಲ. ಅದು ಬಾಡಿಗೆಯ ಮನೆಯ ಹಾಗೆ; ಮನೆಯ ಸಂಖ್ಯೆ ಅದೇ ಇದ್ದು ಒಳಗಿನ ಸಂಸಾರ ಬದಲಾಗಬಹುದು. ಸಂಸಾರವೇ ಹಳೆಯ ಸಂಖ್ಯೆಯ ಫಲಕವನ್ನು ಕಿತ್ತುಕೊಂಡು ಬೇರೆ ಬೀದಿಗೆ ಹೋಗಿ ನೆಲೆಸಲೂಬಹುದು. ಆಂತ್ರೆಗೆ ಈ ಎರಡೂ ಗತಿಗಳು, ಎರಡು ದೇಶಗಳಲ್ಲಿ, ಸಂಭವಿಸಿದುವು.

ಇಂಗ್ಲಿಷಿಗೆ ಈ ಮಾತು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಲೂಯಿಸ್ ಎಂಬ ಊರಿನ ವಸತಿಗೃಹವೊಂದರ ಯಜಮಾನನಾಗಿದ್ದ ವಿಲಿಯಂ ವೆರಲ್ ಎಂಬಾತ 1759ರಲ್ಲಿ ಪ್ರಕಟಿಸಿದ ಪಾಕಗ್ರಂಥವು ಇದನ್ನು ಊಟದ ಅರ್ಥದಲ್ಲಿ ಬಳಸಿದ ಮೊದಲ ಇಂಗ್ಲಿಷ್ ಪುಸ್ತಕಗಳಲ್ಲೊಂದು. ಆತ ನ್ಯೂಕ್ಯಾಸಲ್ಲಿನ ಡ್ಯೂಕನ ಫ್ರೆಂಚ್ ಅಡುಗೆಯವನ ಕೈಕೆಳಗೆ ಪಳಗಿದವನು. ಆಗಿನ ಇಂಗ್ಲಿಷರಿಗೆ ಫ್ರೆಂಚ್ ಅಡುಗೆಯ ಮೇಲೆ ಆಸೆಯೂ ಇತ್ತು, ಅಸಮಾಧಾನವೂ ಇತ್ತು. ದೊಡ್ಡ ಮಾಂಸದ ತುಂಡನ್ನು ಬೆಂಕಿಯೆದುರು ತಿರುಗಿಸಿ ಸುಟ್ಟು ತಿನ್ನುವುದು ದೇಶಭಕ್ತಿಯ ಲಕ್ಷಣ. ಕೊಚ್ಚಿ ಬೆರೆಸಿ ರಸ ಕೂಡಿಸಿದ್ದೆಲ್ಲ ಫ್ರೆಂಚರ ಕಣ್ಕಟ್ಟು. ‘ಏನೋ ಒಂದು’ ಎಂಬರ್ಥದ ಫ್ರೆಂಚ್ ಮಾತನ್ನು ತಿರುಚಿ ‘ಕಿಕ್‌ಷಾ’ ಎಂಬ ಅಪಹಾಸ್ಯದ ಹೆಸರನ್ನೇ ಅಂಥ ಅಡುಗೆಗಳಿಗೆ ಅವರು ಕಟ್ಟಿದ್ದರು. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ತನ್ನ ಪಾಕಪುಸ್ತಕದ ಮುನ್ನುಡಿಯಲ್ಲಿ, ಹನ್ನೆರಡು ಮೊಟ್ಟೆ ಕರಿಯಲು ಆರು ಪೌಂಡು ಬೆಣ್ಣೆ ಸುರಿದ ಅಡುಗೆಯವನೊಬ್ಬನ ಸುದ್ದಿಯೆತ್ತಿ, ಅರ್ಧ ಪೌಂಡು ಧಾರಾಳವಾಗಿ ಸಾಲದೇ ಎಂದು ಗದರಿಸಿದ್ದಾಳೆ. ಯಾವ ನಾಡಿನ ಗೃಹಿಣಿಯೂ ಒಪ್ಪುವ ಲೆಕ್ಕ!

ಹಾಸ್ಯ ಮಾಡುತ್ತಲೇ ಇಂಗ್ಲಿಷರು ಆ ಅಡುಗೆಯನ್ನು ಬರಮಾಡಿಕೊಂಡರು. 1861ರಲ್ಲಿ ಬಂದ ಮಿಸೆಸ್ ಬೀಟನ್ನಳ ಗೃಹಕೃತ್ಯದ ಗ್ರಂಥದಲ್ಲಿರುವ ಔತಣಪಟ್ಟಿಗಳನ್ನು ನೋಡಿದರೆ, ಸೂಪು ಮೀನುಗಳ ಮೊದಲನೆಯ ಸರದಿಗೂ ಸುಟ್ಟ ಮಾಂಸದ ಎರಡನೆಯ ಸರದಿಗೂ ನಡುವೆ ‘ಆಂತ್ರೆ’ ಎಂಬ ಶೀರ್ಷಿಕೆ ನಿಯಮದಂತೆ ನಿಂತಿರುತ್ತದೆ. ಮೈಸೂರಿನ ಮೇಷ್ಟರ ನಿಘಂಟಿಗೆ ಅರ್ಥ ಸಿಕ್ಕಿದ್ದು ಈ ಕಾಲದ ಮೇಜಿನಿಂದ. ಅದು ದಕ್ಷಿಣ ಭಾರತಕ್ಕೂ ಬಂದಿತ್ತು. ‘ವೈವರ್ನ್’ ಎಂಬ ಕಾವ್ಯನಾಮದ ಸೇನಾಧಿಕಾರಿ ಕೆನ್ನಿ ಹರ್ಬರ್ಟ್ 1878ರಲ್ಲಿ ಮದರಾಸಿನ ಬಿಳಿಯ ಗೃಹಿಣಿಯರಿಗಾಗಿ ಬರೆದ ಪುಸ್ತಕದಲ್ಲಿ, ಹಿಂದಿನ ತಲೆಮಾರಿನವರ ಖಾರದ ಸಾರುಗಳು ಮೇಜಿನಿಂದ ಮರೆಯಾಗಿ ಫ್ರೆಂಚ್ ಮಾದರಿಯ ಹಗುರವಾದ ಅಡುಗೆಗಳು ಬಂದುದನ್ನು ಹೇಳಿ, ಆಂತ್ರೆಗಳನ್ನು ಮಾಡುವ ವಿಧಾನವನ್ನೂ ವಿವರಿಸಿದ್ದಾನೆ. ಅವನ್ನು ಒಲೆಯ ಮೇಲೆ ನಿಜವಾಗಿ ಮಾಡಿಟ್ಟವರು ಆ ಮನೆಗಳ ತಮಿಳು ಅಡುಗೆಯವರು. ಹೆಸರಿನ ವ್ಯುತ್ಪತ್ತಿಯನ್ನು ಅವರಿಗೆ ಯಾರೂ ಹೇಳಿರಲಾರರು.

ಇಷ್ಟರಲ್ಲಿ ಬಡಿಸುವ ಕ್ರಮವೇ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪ್ಯಾರಿಸಿನಲ್ಲಿದ್ದ ರಷ್ಯದ ರಾಯಭಾರಿ ಕುರಾಕಿನ್ ಎಂಬಾತ ತಂದನೆಂದು ಹೇಳಲಾಗುವ ‘ರಷ್ಯನ್ ಕ್ರಮ’ದಲ್ಲಿ ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲೆ ಇಡುವುದಿಲ್ಲ, ಅತಿಥಿಯ ಪಕ್ಕಕ್ಕೆ ಒಂದೊಂದೇ ಬರುತ್ತದೆ. ಎಲೆಯ ಮೇಲಿನ ಕೋಸಂಬರಿಯ ಕ್ರಮ ಹೋಗಿ, ಸಾರು, ಹುಳಿ, ಮಜ್ಜಿಗೆಗಳ ಕ್ರಮ ಬಂದಿತು ಎನ್ನಬಹುದು. ಶತಮಾನದ ಉತ್ತರಾರ್ಧದಲ್ಲಿ ಇದೇ ಎಲ್ಲೆಡೆಯೂ ನೆಲೆಯಾಯಿತು. ಮುಂದೇನು ಬರುವುದೆಂದು ಕಾಣದ ಕಾರಣ ಅತಿಥಿಯ ಮುಂದೆ ಬರೆದ ಪಟ್ಟಿಯನ್ನಿಡುವುದು ಅವಶ್ಯವಾಯಿತು. ಒಮ್ಮೆಲೇ ಕಾಣುತ್ತಿದ್ದ ಮೇಜು ಉದ್ದವಾದ ಸಾಲಾದಾಗ ಆಂತ್ರೆ ಸಾಲಿನ ಮಧ್ಯಕ್ಕೆ ಬಂದು ನಿಂತಿತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಪ್ರಥಮ ದರ್ಜೆಯಲ್ಲಿ ಬಡಿಸಿದ ಕಟ್ಟಕಡೆಯ ಊಟದ ಪಟ್ಟಿ ಉಳಿದುಬಂದಿದೆ. ಮೊದಲು ಸಿಂಪಿ ಮೊದಲಾದ ಬಾಯಾಡಿಕೆ, ಬಳಿಕ ಸೂಪು, ಬಳಿಕ ಮೀನು. ನಾಲ್ಕನೆಯದಾಗಿ ಆಂತ್ರೆಯ ಸ್ಥಾನದಲ್ಲಿ ಗೋಮಾಂಸದ ತೆಳುತುಂಡು, ಕೋಳಿ, ಹೂರಣ ತುಂಬಿದ ಕುಂಬಳಜಾತಿಯ ಕಾಯಿ. ಆಮೇಲೆ ಕುರಿ, ಬಾತು, ಮತ್ತೆ ಗೋಮಾಂಸ. ಪ್ರವೇಶದ್ವಾರಕ್ಕೆ ಮುನ್ನ ಮೂರು ಅಂಕಣ ದಾಟಬೇಕಾದ ಮನೆ ಇದು. ಆ ರಾತ್ರಿ ಅಲ್ಲಿ ಉಂಡವರಾರೂ ಹೆಸರು ತಪ್ಪಾಗಿದೆಯೆಂದು ಆಕ್ಷೇಪಿಸಿದವರಲ್ಲ. ಅವರ ಕಾಲಕ್ಕೆ ಆಂತ್ರೆ ಎಂದರೆ ‘ಮೊದಲನೆಯದು’ ಎಂದು ಇಂಗ್ಲಿಷ್ ಮೇಜಿನಲ್ಲಿ ಯಾರೂ ಭಾವಿಸುತ್ತಿರಲಿಲ್ಲ. ರಸದೊಡನೆ ಬಿಸಿಬಿಸಿಯಾಗಿ ಬರುವ ಗಟ್ಟಿಯಾದ ಮಾಂಸದ ಅಡುಗೆ ಎಂದೇ ಅರ್ಥ.

ಅಮೆರಿಕಕ್ಕೆ ಹೋದದ್ದು ಈ ಅರ್ಥ. ಇದಕ್ಕೆ ಸಾಕ್ಷ್ಯವನ್ನು ಕೂಡಿಹಾಕಿದ ಪುಣ್ಯ ನ್ಯೂಯಾರ್ಕಿನ ಒಬ್ಬ ಮಹಿಳೆಗೆ ಸಲ್ಲಬೇಕು. ಫ್ರಾಂಕ್ ಬಟಾಲ್ಫ್ ಎಂಬ ಗಂಡಸಿನ ಹೆಸರಿನ ಈ ಅವಿವಾಹಿತೆ 1900ರ ಸುಮಾರಿನಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಹೋಟೆಲುಗಳ ತಿಂಡಿಪಟ್ಟಿಗಳನ್ನು ಶೇಖರಿಸುವ ವ್ರತ ತೊಟ್ಟಳು. ಹೋಟೆಲುಗಳಿಗೆ ಕಾಗದ ಬರೆದಳು, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಳು. ಜಿಡ್ಡು, ಕಲೆಗಳಿಲ್ಲದ ಚೊಕ್ಕ ಪ್ರತಿಗಳೇ ಬೇಕೆಂದು ಹಟ ಹಿಡಿದಳು. 1924ರಲ್ಲಿ ಆಕೆ ತೀರಿಕೊಂಡಾಗ 25,000ಕ್ಕೂ ಹೆಚ್ಚು ಪಟ್ಟಿಗಳು ಸೇರಿದ್ದುವು. ರಾಜಮಹಾರಾಜರ ಶಾಸನಗಳನ್ನು ಕಾಯ್ದಿಡುವವರು ಎಲ್ಲೆಡೆಯೂ ಇದ್ದಾರೆ. ನಿನ್ನೆ ಮಧ್ಯಾಹ್ನ ಜನ ಏನು ಉಂಡರೆಂಬುದನ್ನು ಕಾಯ್ದಿಟ್ಟವರು ವಿರಳ. ಕನ್ನಡ ನಾಡಿನ ಹಳೆಯ ಹೋಟೆಲುಗಳ ಗೋಡೆಯ ಮೇಲೆ ತೂಗಿದ್ದ ಕರಿಹಲಗೆಗಳಿಗೆ ಇಂಥ ಒಬ್ಬಳು ರಕ್ಷಕಿ ಇದ್ದಿದ್ದರೆ ಭಾಷಾಭ್ಯಾಸಿಗಳು ಎಷ್ಟು ಋಣಿಗಳಾಗುತ್ತಿದ್ದರೋ!

ಆ ಕಾಲದ ದೊಡ್ಡ ಹೋಟೆಲುಗಳ ಪಟ್ಟಿಗಳಲ್ಲಿ ಆಂತ್ರೆಯೂ ಇರುತ್ತಿತ್ತು, ಸುಟ್ಟ ಮಾಂಸಕ್ಕೆ ಬೇರೆ ಶೀರ್ಷಿಕೆಯೂ ಇರುತ್ತಿತ್ತು. ಬರಬರುತ್ತ ಊಟವೇ ಮೊಟಕಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಮಾಂಸವಿಲ್ಲದ ದಿನ, ಗೋಧಿಯಿಲ್ಲದ ದಿನಗಳನ್ನು ಆಚರಿಸಿರೆಂದು ಜನರನ್ನು ಕೇಳಿಕೊಂಡಿತು. ಬಳಿಕ 1920ರಿಂದ 1933ರವರೆಗೆ ಪಾನನಿರೋಧ. ಮದ್ಯದ ಲಾಭದಿಂದ ಹತ್ತು ಹನ್ನೆರಡು ಸರದಿಯ ಔತಣಗಳನ್ನು ಸಾಗಿಸುತ್ತಿದ್ದ ದೊಡ್ಡ ಭೋಜನಶಾಲೆಗಳು ಬಡವಾದುವು. ನ್ಯೂಯಾರ್ಕಿನಲ್ಲಿ ಮೂರು ತಲೆಮಾರು ಮೆರೆದ ಡೆಲ್ಮೋನಿಕೋ 1923ರಲ್ಲಿ ಬಾಗಿಲು ಹಾಕಿತು. ಕಚೇರಿಯ ಗುಮಾಸ್ತರು ಅರ್ಧ ಗಂಟೆಯಲ್ಲಿ ಉಂಡೇಳುವ ಸಣ್ಣ ಊಟದ ಮನೆಗಳು ಹೆಚ್ಚಿದುವು. ಸೂಪು, ಒಂದು ಗಟ್ಟಿ ಪದಾರ್ಥ, ಕಡೆಗೊಂದು ಸಿಹಿ. ಇಷ್ಟಕ್ಕೆ ಊಟ ಇಳಿಯಿತು. ಆ ಗಟ್ಟಿ ಪದಾರ್ಥಕ್ಕೆ ಪಟ್ಟಿಯಲ್ಲಿ ಮೊದಲೇ ಇದ್ದ ಹೆಸರೊಂದು ದೊರೆಯಿತು. 1930ರ ದಶಕದ ವೇಳೆಗೆ ಸುಟ್ಟ ಮಾಂಸವೂ, ಕೊನೆಗೆ ಮೀನೂ ‘ಆನ್‌ಟ್ರೇ’ ಎಂಬ ಒಂದೇ ಸೂರಿನಡಿ ಬಂದು ಸೇರಿದುವು. ಅವಿಭಕ್ತ ಕುಟುಂಬದ ದೊಡ್ಡ ಮನೆ ಬಿದ್ದ ಮೇಲೆ ನಿಂತುಳಿದ ಒಂದು ಕೋಣೆಯೇ ಮನೆಯೆನಿಸಿಕೊಂಡಂತೆ.

ಹಾಗಾದರೆ ಫ್ರಾನ್ಸಿನಲ್ಲಿ ಏನಾಯಿತು? ಅಲ್ಲಿಯೂ ಊಟ ಮೊಟಕಾಯಿತು. ಆದರೆ ಅಲ್ಲಿನ ಜನಕ್ಕೆ ‘ಆಂತ್ರೆ’ ಪರಭಾಷೆಯ ಮಾತಲ್ಲ. ಬೆಳಗಾಗೆದ್ದರೆ ಬಾಗಿಲ ಮೇಲೆ ಕಾಣುವ ಮಾತು. ‘ಪ್ರವೇಶ’ ಎಂಬುದು ಕಿವಿಯಲ್ಲಿ ಸದಾ ಮೊಳಗುತ್ತಿರುವಾಗ, ಊಟದ ಮೊದಲ ತಟ್ಟೆಗೆ ಅದನ್ನು ಹೇಳಬೇಕೆನಿಸುವುದು ಸಹಜ. ಪಂಡಿತರಿಗೆ ಇದು ಹಿಡಿಸಲಿಲ್ಲ. ಪ್ರಾಸ್ಪೆರ್ ಮೊಂತಾನ್ಯೆ ಸಂಪಾದಿಸಿದ ‘ಲಾರೂಸ್ ಗಾಸ್ತ್ರೊನೊಮೀಕ್’ ಎಂಬ ಮಹಾಕೋಶ 1938ರಲ್ಲಿ ಬೆಳಕು ಕಂಡಿತು. ಬಹುಮಂದಿ ತಿಳಿದಂತೆ ಆಂತ್ರೆ ಎಂದರೆ ಊಟದ ಮೊದಲ ಭಕ್ಷ್ಯವಲ್ಲ, ಮೀನೂ ರೆಲವೆಯೂ ಆದ ಮೇಲೆ ಮೂರನೆಯದಾಗಿ ಬರುವುದು ಎಂಬ ಅಭಿಪ್ರಾಯವನ್ನು ಅದು ಖಂಡಿತವಾಗಿ ಸಾರಿತು. ಮೀಮಾಂಸಕರು ಇದನ್ನು ಓದಿದ್ದರೆ ಮುಗುಳ್ನಗುತ್ತಿದ್ದರು. ಇಲ್ಲದ್ದನ್ನು ಯಾರೂ ನಿಷೇಧಿಸುವುದಿಲ್ಲ. ಕೋಶಕಾರರು ‘ಅಲ್ಲ’ ಎಂದು ಗಟ್ಟಿಯಾಗಿ ಹೇಳಬೇಕಾಯಿತೆಂದರೆ, ಜನ ಆಗಲೇ ‘ಹೌದು’ ಎಂದಿದ್ದರೆಂದು ಅರ್ಥ. ಕೆಲವೇ ದಶಕಗಳಲ್ಲಿ ಜನರೇ ಗೆದ್ದರು. ಇಂದು ಫ್ರಾನ್ಸಿನ ಯಾವ ಸಾಮಾನ್ಯ ಭೋಜನಶಾಲೆಯ ಕರಿಹಲಗೆಯ ಮೇಲೂ ‘ಆಂತ್ರೆ, ಪ್ಲಾ, ದೆಸೇರ್’ ಎಂಬ ಮೂರು ಹೆಸರುಗಳು ಇದೇ ಕ್ರಮದಲ್ಲಿರುತ್ತವೆ: ಮೊದಲನೆಯದು ಚಿಕ್ಕ ತಟ್ಟೆ, ಎರಡನೆಯದು ಮುಖ್ಯವಾದುದು, ಮೂರನೆಯದು ಸಿಹಿ. 2010ರಲ್ಲಿ ಯುನೆಸ್ಕೊ ಫ್ರೆಂಚರ ಔತಣವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗಲೂ ಆರಂಭದ ತಟ್ಟೆಗೇ ಆ ಹೆಸರು ಸಂದಿತು. ಆಸ್ಟ್ರೇಲಿಯದಲ್ಲಿಯೂ ಆಂತ್ರೆ ಎಂದರೆ ಆರಂಭವೇ. ಕೆನಡದಲ್ಲಂತೂ ಇಂಗ್ಲಿಷ್ ಆಡುವವರಿಗೆ ಅದು ಸಾಮಾನ್ಯವಾಗಿ ಮುಖ್ಯ ಭಕ್ಷ್ಯ, ಕ್ವಿಬೆಕ್ಕಿನ ಫ್ರೆಂಚರಿಗೆ ಮೊದಲ ತಟ್ಟೆ. ಇಂಗ್ಲೆಂಡಿನವರು ಜಗಳವೇ ಬೇಡವೆಂದು ‘ಸ್ಟಾರ್ಟರ್’ ಎಂಬ ಸರಳವಾದ ಮಾತಿಗೆ ಶರಣಾದರು. ಬೆಂಗಳೂರಿನ ಹೋಟೆಲುಗಳಿಗೆ ಬಂದಿರುವುದೂ ಅದೇ.

ಈಗ ಮೇಷ್ಟರ ಮೊಕದ್ದಮೆಗೆ ಬರಬಹುದು. ಅಮೆರಿಕದವರು ಹೊಸದೇನನ್ನೂ ಕಲ್ಪಿಸಲಿಲ್ಲ. ಮೂರು ಶತಮಾನಗಳ ಕಾಲ ಫ್ರಾನ್ಸಿನ ಮೇಜಿನ ಮೇಲೆಯೇ ಆಂತ್ರೆಗಿದ್ದ ಗಟ್ಟಿತನವನ್ನು, ಬಿಸಿಯನ್ನು, ಮಾಂಸವನ್ನು ಅವರು ಉಳಿಸಿಕೊಂಡರು, ಸ್ಥಾನ ಕೈಬಿಟ್ಟುಹೋಯಿತು. ಫ್ರೆಂಚರು ಸ್ಥಾನವನ್ನು ಮರಳಿ ಪಡೆದರು, ಸಾರವನ್ನು ಕೈಬಿಟ್ಟರು. ಲಾ ವಾರೆನ್ ಇಂದು ಎದ್ದುಬಂದು ಪ್ಯಾರಿಸಿನಲ್ಲೊಂದು, ನ್ಯೂಯಾರ್ಕಿನಲ್ಲೊಂದು ಆಂತ್ರೆ ತರಿಸಿದರೆ, ತಟ್ಟೆಯನ್ನು ನೋಡಿ ಅವನು ಗುರುತಿಸುವುದು ಬಹುಶಃ ನ್ಯೂಯಾರ್ಕಿನದನ್ನೇ.

ವ್ಯುತ್ಪತ್ತಿಯನ್ನು ಹಿಡಿದು ಬಳಕೆಯನ್ನು ಹಳಿಯುವವರಿಗೆ ಸಂಸ್ಕೃತದ ಶಾಬ್ದಿಕರು ಬಹು ಹಿಂದೆಯೇ ಉತ್ತರವಿತ್ತಿದ್ದಾರೆ. ಕೆಸರಿನಲ್ಲಿ ಹುಟ್ಟಿದುದೆಲ್ಲ ಪಂಕಜವಲ್ಲ. ಕಪ್ಪೆಯೂ ಅಲ್ಲಿಯೇ ಹುಟ್ಟುತ್ತದೆ. ಯೋಗಾರ್ಥಕ್ಕಿಂತ ರೂಢಿಗೆ ಬಲ ಹೆಚ್ಚೆಂಬುದು ಅವರ ಮತ. ಕನ್ನಡದ ಅಡುಗೆಮನೆಯೇ ಇದಕ್ಕೆ ತುಂಬಿದ ಭಂಡಾರ. ‘ಎಣ್ಣೆ’ ಎಂಬ ಮಾತು ಎಳ್ಳು, ನೆಯ್ ಎಂಬೆರಡು ಮಾತುಗಳ ಕೂಟ. ಎಳ್ಳಿನ ಜಿಡ್ಡು ಎಂದೇ ಮೂಲಾರ್ಥ. ವ್ಯುತ್ಪತ್ತಿಯೇ ಪ್ರಮಾಣವೆಂದರೆ ಕಡಲೆಕಾಯಿ ಎಣ್ಣೆ ಸುಳ್ಳು, ಕೊಬ್ಬರಿ ಎಣ್ಣೆ ಸುಳ್ಳು, ಸೀಮೆಎಣ್ಣೆಯಂತೂ ಶುದ್ಧ ವಂಚನೆ! ಉತ್ತರ ಕರ್ನಾಟಕದಲ್ಲಿ ಬೆಳಗಿನ ತಿಂಡಿಗೆ ಹೇಳುವ ‘ನಾಷ್ಟಾ’ ಪಾರಸಿಯಲ್ಲಿ ಮೊದಲಿಗೆ ಏನನ್ನೂ ತಿನ್ನದಿರುವುದಕ್ಕೆ ಹೆಸರು; ಬರಿಹೊಟ್ಟೆಯ ಹೆಸರು ಹೊಟ್ಟೆ ತುಂಬಿಸುವುದಕ್ಕೆ ಬಂದಿದೆ. ಫ್ರೆಂಚರಿಂದ ಇಂಗ್ಲಿಷಿನ ಮೂಲಕ ಬಂದ ‘ಹೋಟೆಲು’ ಅಲ್ಲೆಲ್ಲ ಮಲಗುವ ಮನೆ, ಇಲ್ಲಿ ಇಡ್ಲಿ ತಿನ್ನುವ ಮನೆ. ‘ಕಟ್ಲೆಟ್’ ಇವೆಲ್ಲಕ್ಕೂ ಮಿಗಿಲು. ಅದರ ಮೂಲವಾದ ಫ್ರೆಂಚ್ ‘ಕೋತ್‌ಲೆತ್’ ಎಂದರೆ ಚಿಕ್ಕ ಪಕ್ಕೆಲುಬು. ಆಲೂಗಡ್ಡೆ, ಬಟಾಣಿ, ಬೀಟ್‌ರೂಟುಗಳನ್ನು ಕಲಸಿ, ರೊಟ್ಟಿಪುಡಿಯಲ್ಲಿ ಹೊರಳಿಸಿ ಕರಿದು, ಏಕಾದಶಿಯ ಮರುದಿನ ಮಡಿವಂತರ ಮನೆಯ ಮಕ್ಕಳು ಸಂತೋಷದಿಂದ ತಿನ್ನುತ್ತಿರುವುದು ಶಬ್ದಾರ್ಥದಲ್ಲಿ ತರಕಾರಿಯ ಪಕ್ಕೆಲುಬನ್ನು! ಇದಕ್ಕೆ ಯಾರ ಮಡಿಯೂ ಕೆಟ್ಟಿಲ್ಲ.

ಅಷ್ಟು ದೂರ ಏಕೆ? ಮಲೆನಾಡಿನವರ ಕಡುಬು ಹಬೆಯಲ್ಲಿ ಬೆಂದ ಅಕ್ಕಿಯದು. ಬಯಲುಸೀಮೆಯವರ ಕಡುಬು ಹೂರಣ ತುಂಬಿದ ಸಿಹಿ. ಒಂದು ಕಡೆಯ ಹೆಣ್ಣು ಇನ್ನೊಂದು ಕಡೆಗೆ ಸೊ‌ಸೆಯಾಗಿ ಹೋದ ಮನೆಗಳಲ್ಲಿ ಮೊದಲ ಗೌರಿಹಬ್ಬದಂದೇ ಈ ಶಬ್ದಕಲಹ ಆರಂಭವಾಗುತ್ತದೆ. ಅತ್ತೆಗೆ ಸೊಸೆಯ ಕಡುಬು ಕಡುಬಲ್ಲ. ಆ ಕಲಹದಲ್ಲಿ ನಿಘಂಟು ತಂದು ತೀರ್ಪು ಹೇಳಹೊರಟ ಗಂಡನ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ.

ಅಮೆರಿಕದಿಂದ ಹಿಂದಿರುಗುವಾಗ ಮೇಷ್ಟರು ದಾರಿಯಲ್ಲಿ ಎರಡು ದಿನ ಪ್ಯಾರಿಸಿನಲ್ಲಿ ನಿಂತರೆಂದು ಇಟ್ಟುಕೊಳ್ಳೋಣ. ಆರು ತಿಂಗಳಲ್ಲಿ ಅವರು ಮಗನ ಊರಿನ ರೂಢಿಗೆ ಚೆನ್ನಾಗಿ ಪಳಗಿದ್ದಾರೆ. ಮಧ್ಯಾಹ್ನ ಬೀದಿಯಂಚಿನ ಸಣ್ಣ ಭೋಜನಶಾಲೆಗೆ ದಂಪತಿಗಳು ಹೋಗುತ್ತಾರೆ. ಹಲಗೆಯ ಮೇಲೆ ಆಂತ್ರೆ ಎಂದು ಬರೆದಿದೆ. “ನೋಡು, ಒಂದೇ ಸಾಕು, ಇಬ್ಬರಿಗೂ ಆಗಿ ಮಿಗುತ್ತದೆ” ಎಂದು ಪತ್ನಿಗೆ ತಿಳಿಸಿ, ಅದರಲ್ಲಿ ಮಾಂಸವಿಲ್ಲದ್ದು ಯಾವುದೆಂದು ಕೇಳಿ ಒಂದನ್ನು ತರಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಅಂಗೈಯಗಲದ ತಟ್ಟೆಯೊಂದು ಬಂದು ಕೂರುತ್ತದೆ. ಅದರಲ್ಲಿ ಎಣ್ಣೆ, ನಿಂಬೆಹುಳಿ ಬೆರೆಸಿದ ಹಸಿ ಕ್ಯಾರೆಟ್ಟಿನ ತುರಿ, ಎರಡು ಹಿಡಿ.

ಮೇಷ್ಟರು ತಟ್ಟೆಯನ್ನೂ ಹಲಗೆಯನ್ನೂ ಒಂದು ಬಾರಿ ನೋಡುತ್ತಾರೆ. ಪತ್ನಿ ಚಮಚದಿಂದ ಸ್ವಲ್ಪ ತೆಗೆದು ಬಾಯಿಗಿಟ್ಟುಕೊಳ್ಳುತ್ತಾರೆ.

“ಕೋಸಂಬರಿ ಅಂದ್ರೆ” ಎನ್ನುತ್ತಾರೆ ಆಕೆ. “ಹೆಸರುಬೇಳೆ ಹಾಕಿಲ್ಲ, ಒಗ್ಗರಣೆ ಇಲ್ಲ. ಎಲೆಗೆ ಮೊದಲು ಬರೋದು ಇದೇ ತಾನೆ? ಅನ್ನ ಇನ್ನು ಹಿಂದೆ ಬರುತ್ತೆ, ಸುಮ್ಮನೆ ಕೂತಿರಿ.”